ಕಳೆದವರನ್ನು ಹುಡುಕಿಕೊಡುತ್ತಿದ್ದ ಮಾಸ್ತರರು

ಮಾಸ್ತರರು ಹೋದರಂತೆ. ಜೇವರ್ಗಿಯ ಶಾಲೆಯಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಶಾಂತಾಬಾಯಿ ಮಗಳ ಮನೆಗೆಂದು ಕಲಬುರ್ಗಿಗೆ ಬಂದವರು, ನಮ್ಮ ಮನೆಗೂ ಬಂದು ಚಹಾ ಕುಡಿಯುತ್ತ ಈ ಸುದ್ದಿ ಹೇಳಿದರು.

“ಊರಿಗೆ ಊರ ಮಣ್ಣಿಗೆ ಬಂದಿತ್ತರಿ. ಅಂಗಡಿ ಎಲ್ಲ ಬಂದ್. ಅಂಥ ಮನಷ್ಯಾ ಇನ್ನ ಹುಟ್ಟಂಗಿಲ್ಲ ಬಿಡ್ರಿ. ಎಷ್ಟ ತಾಯಂದ್ರ ಉಡಿಯಾಗ ಅವ್ರ ಮಕ್ಕಳ್ನ ತಿರಗಿ ಹಾಕ್ಯಾರ!”

ನಾನು ಹೂಂ ಎಂದೆ. ಶಾಂತಾಬಾಯಿ ಬಟ್ಟಲನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

“ನಿಮಗ ಕೆಟ್ಟ ಅನಸಲಿಲ್ಲೇನ್ರಿ? ಅವ್ರ ಕೂಡ ರೇಡಿಯೋದಾಗ ಮಾತಾಡ್ತಿದ್ರಲ್ಲಾ ನೀವು?”

ಅನ್ನಿಸಿತೋ ಇಲ್ಲವೋ ನನಗೇ ತಿಳಿಯಲಿಲ್ಲ. ಅವರು ಹೋದ ಮೇಲೂ ಅದನ್ನೇ ಯೋಚಿಸುತ್ತ ಕುಳಿತೆ. ಮಾಸ್ತರರ ಒಳ್ಳೆಯತನದ ಬಗ್ಗೆ ಹೇಳುವವರು, ಬರೆಯುವವರು ಆ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಹೇಳುವುದು ಸುಳ್ಳೂ ಅಲ್ಲ. ಆದರೆ ನಾನು ಕಂಡದ್ದನ್ನು ನಾನು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ನಾನು ಕಡಗಂಚಿಯ ಕಡೆಯವಳು. ಎಪ್ಪತ್ತರ ದಶಕದಲ್ಲಿ, ಇನ್ನೂ ಮದುವೆಯಾಗದ ವಯಸ್ಸಿನಲ್ಲಿ, ಜೇವರ್ಗಿಯ ಶಾಲೆಗೆ ಟೀಚರ್ ಆಗಿ ಹೋದೆ. ಬಸ್ಸಿನಿಂದ ಇಳಿದ ಕೂಡಲೇ ಆ ಊರಿನಲ್ಲಿ ನನ್ನನ್ನು ಮಾತಾಡಿಸಿದ್ದು ಒಂದು ಕಂಬ. ಕಂಬದ ತುದಿಯಲ್ಲಿ ಉಮ್ಮತ್ತಿ ಹೂವಿನಂಥ ದೊಡ್ಡ ಭೋಂಗಾ. ಅದರೊಳಗಿಂದ ತೂಕದ, ತುಂಬಿದ ಗಂಡು ಧ್ವನಿಯೊಂದು “ವಿಜಾಪುರದ ಕಡೆಗೆ ತೆರಳುವ ವಾಹನವು ವಿಳಂಬವಾಗಿ ಆಗಮಿಸಲಿದೆ, ಪ್ರಯಾಣಿಕರು ಸಹಕರಿಸಬೇಕು” ಎನ್ನುತ್ತಿತ್ತು. ಕೆಳಗೆ ಬುತ್ತಿ ಗಂಟು ಹಿಡಿದು ಕುಳಿತಿದ್ದ ಮುದುಕಿಯೊಬ್ಬಳು, “ಏನಂದಾನವ್ವಾ ಅವಾ?” ಎಂದು ಕೇಳಿದಳು. “ಬಸ್ ತಡ ಆಗ್ತದಂತ” ಎಂದೆ. “ಹಂಗಂತ ಅನ್ನಾಕ ಏನಾಗ್ಯಾದ ಅವಂಗ?” ಎಂದಳು.

ಅದು ಊರ ರೇಡಿಯೋ. ನಿಜವಾದ ರೇಡಿಯೋ ಅಲ್ಲ. ಗಾಳಿಯಲ್ಲಿ ಹೋಗುತ್ತಿರಲಿಲ್ಲ, ತಂತಿಯಲ್ಲಿ ಹೋಗುತ್ತಿತ್ತು. ವಾಚನಾಲಯದ ಮಂಡಳಿಯವರು ಮಾಳಿಗೆಯ ಮೇಲಿನ ಕೋಣೆಯೊಂದನ್ನು ಬಿಟ್ಟುಕೊಟ್ಟಿದ್ದರು. ಮದುವೆಗಳಿಗೆ ಬಾಡಿಗೆ ಹೋಗಿ ಹಳತಾದ ಆಂಪ್ಲಿಫೈಯರ್ ಒಂದನ್ನು ಯಾರೋ ದಾನ ಮಾಡಿದ್ದರು. ಅಲ್ಲಿಂದ ಹೊರಟ ತಂತಿ ಬಸ್‌ಸ್ಟ್ಯಾಂಡು, ಕಚೇರಿ, ಮಸೀದಿ ಓಣಿ, ಅಡತಿ ಬಜಾರ ಎಂದು ಕಂಬದಿಂದ ಕಂಬಕ್ಕೆ ಹೋಗಿ ಪ್ರತಿಯೊಂದು ಕಡೆ ಒಂದೊಂದು ಭೋಂಗಾಕ್ಕೆ ಸೇರಿತ್ತು. ಕರೆಂಟು ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ತಂದು ಹಚ್ಚುತ್ತಿದ್ದರು. ಬೆಳಿಗ್ಗೆ ಭಕ್ತಿಗೀತೆ, ತೊಗರಿ ಜೋಳದ ಧಾರಣಿ, ಸತ್ತವರ ಸುದ್ದಿ, ಕಳೆದುಹೋದ ಎಮ್ಮೆ. ಸಂಜೆಗೆ ದೊಡ್ಡ ರೇಡಿಯೋದ ವಾರ್ತೆ ಬರುವಾಗ ಅದರ ಬಾಯಿಗೆ ಮೈಕು ಹಿಡಿದು ಊರಿಗೆಲ್ಲ ಕೇಳಿಸುತ್ತಿದ್ದರು. ಮಿಕ್ಕದ್ದೆಲ್ಲ ಮಾಸ್ತರರೇ. ಓದುವವರು ಅವರು, ತಂತಿ ಕಿತ್ತರೆ ಕಂಬ ಹತ್ತಿಸುವವರು ಅವರು, ಯಾವುದು ಸುದ್ದಿ ಯಾವುದು ಅಲ್ಲ ಎಂದು ತೀರ್ಮಾನಿಸುವವರೂ ಅವರೇ.

ಅವರು ಶಾಲೆ ಕಲಿತದ್ದು ನಿಜಾಮರ ಕಾಲದಲ್ಲಿ, ಉರ್ದುವಿನಲ್ಲಿ. ಕನ್ನಡ ಓದು ಬರಹ ಆಮೇಲೆ ತಾವೇ ಕಲಿತದ್ದು. ಅದಕ್ಕೋ ಏನೋ ಮೈಕಿನ ಮುಂದೆ ಅವರ ಕನ್ನಡ ಇಸ್ತ್ರಿ ಮಾಡಿದಂತೆ ಇರುತ್ತಿತ್ತು. ಕೆಳಗೆ ಇಳಿದರೆ “ಖಬರ್ ಏನದ ಟೀಚರ್?” ಎನ್ನುವ ಮನುಷ್ಯ, ಮೈಕು ಹಚ್ಚಿದರೆ ‘ಖಬರ್’ ಎಂಬ ಶಬ್ದವನ್ನು ಯಾರ ಬಾಯಿಂದಲೂ ಕೇಳಿಸಿಕೊಳ್ಳುತ್ತಿರಲಿಲ್ಲ. ಬಿಳಿ ಪೈಜಾಮ, ಬಿಳಿ ಅಂಗಿ. ತಣ್ಣೀರು ಕುಡಿಯುತ್ತಿರಲಿಲ್ಲ. ದವಡೆಯಲ್ಲಿ ಸದಾ ಒಂದು ಲವಂಗ. ಓದುವ ಮೊದಲು ಮುಖ ಆಚೆ ತಿರುಗಿಸಿ ಗಂಟಲು ಸರಿಮಾಡಿಕೊಂಡು, ಮೈಕಿಗೆ ಉಫ್ ಉಫ್ ಎಂದು ಊದಿ, ಆಮೇಲೆ ಕಣ್ಣು ಮುಚ್ಚಿ ಶುರು ಮಾಡುತ್ತಿದ್ದರು. ಕೋಣೆಯಲ್ಲಿ ಧ್ವನಿ ಗುಂಯ್ ಎನ್ನಬಾರದೆಂದು ಗೋಡೆಗೆಲ್ಲ ಕೌದಿ ತೂಗುಹಾಕಿದ್ದರು. ಎಲ್ಲವೂ ಅವರ ಹೆಂಡತಿ ಹೊಲಿದ ಕೌದಿಗಳು.

ಆ ಹೆಂಡತಿಯ ಬಗ್ಗೆ ಒಂದು ಮಾತು. ಒಂದು ದಿನ ಮಧ್ಯಾಹ್ನದ ಊಟ ಮುಗಿಸಿ ಬಂದು ಧಾರಣಿ ಓದಿದ ಮಾಸ್ತರರು, ಅದೇ ಧಾಟಿಯಲ್ಲಿ, “ಈ ದಿನ ನಮ್ಮ ಮನೆಯ ಸಾರಿಗೆ ಉಪ್ಪು ಅಧಿಕವಾಗಿತ್ತು, ಸಂಬಂಧಪಟ್ಟವರು ಗಮನಿಸಬೇಕು” ಎಂದುಬಿಟ್ಟರು. ಬಜಾರ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂಗಡಿಯವರು ಗಿರಾಕಿಗಳಿಗೆ ಉಪ್ಪು ಕಟ್ಟಿಕೊಡುವಾಗ ಆ ಮಾತು ಹೇಳಿ ಹೇಳಿ ನಕ್ಕರು. ಆಕೆ ಎಷ್ಟೋ ದಿನ ನಳದ ಕಡೆಗೆ ನೀರಿಗೆ ಬರಲಿಲ್ಲ. ಎದುರು ಮನೆಯವರೇ ಒಂದೊಂದು ಕೊಡ ತಂದು ಹಾಕಿದರು. ನಾನು ಮಾಸ್ತರರನ್ನು ಕೇಳಿದೆ, “ಹಂಗ್ಯಾಕ ಅಂದ್ರಿ ಸರ್?”

“ಮಂದೀನ ನಗಸಾಕ್ರಿ. ಯಾವಾಗ್ಲೂ ತೊಗರಿ, ಹೆಣ, ಎಮ್ಮಿ ಅಂದ್ರ ಕೇಳಾವ್ರು ಬ್ಯಾಸರ ಮಾಡ್ಕೊಳ್ತಾರ.”

“ಮನ್ಯಾಗ ಏನಂದ್ರು?”

“ಆಕಿ ಏನಂತಾಳ? ಮರದಿನ ಉಪ್ಪ ಹಾಕೇ ಇಲ್ಲ” ಎಂದು ತಾವೂ ನಕ್ಕರು.

ಊರಿಗೆ ಅವರು ಬೇಕಾದದ್ದು ಕಳೆದುಹೋದ ಮಕ್ಕಳಿಗಾಗಿ. ಗಾಣಗಾಪುರಕ್ಕೆ ಹೋಗುವ ಯಾತ್ರಿಕರು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುತ್ತಿದ್ದರು. ಹುಣ್ಣಿಮೆ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆ ನೂಕುನುಗ್ಗಲಿನಲ್ಲಿ ಯಾರದೋ ಕೂಸು ಕೈಬಿಟ್ಟು ಹೋಗುವುದು, ಯಾರೋ ಅದನ್ನು ಎತ್ತಿಕೊಂಡು ವಾಚನಾಲಯದ ಮೆಟ್ಟಿಲು ಹತ್ತುವುದು ಪ್ರತಿ ಹುಣ್ಣಿಮೆಯ ಮಾತು. ಮಾಸ್ತರರು ಕೂಸನ್ನು ಮೇಜಿನ ಮೇಲೆ ಕೂರಿಸಿ ಶೇಂಗಾ ಬೆಲ್ಲ ಕೊಡುತ್ತಿದ್ದರು. ಹೆಸರು ಕೇಳುತ್ತಿದ್ದರು. ಹೇಳಲು ಬಾರದ ಕೂಸಾದರೆ ಮೈಕನ್ನು ಅದರ ಬಾಯಿಗೆ ಹಿಡಿಯುತ್ತಿದ್ದರು. ಕೂಸಿನ ಅಳು ಊರ ತುಂಬ ಕೇಳಿಸುತ್ತಿತ್ತು. ಎಲ್ಲೋ ಒಬ್ಬಳು ತಾಯಿ ಅದು ತನ್ನದೇ ಎಂದು ಗುರುತು ಹಿಡಿದು ಓಡಿಬರುತ್ತಿದ್ದಳು.

ಒಂದು ಸಲ ನಾನು ಅಲ್ಲೇ ಇದ್ದೆ. ಹಸಿರು ಲಂಗದ ಹುಡುಗಿ. ಬರುವಾಗ ಅತ್ತು ಅತ್ತು, ಬೆಲ್ಲ ಬಾಯಿಗೆ ಬಿದ್ದ ಕೂಡಲೇ ಸುಮ್ಮನಾಗಿ ನನ್ನ ಬಳೆ ಎಣಿಸುತ್ತ ಆಡತೊಡಗಿತ್ತು. ಮಾಸ್ತರರು ಮೈಕು ಹಿಡಿದರು. ಕೂಸು ನಕ್ಕಿತು. ಅವರು ಎರಡನೇ ಕೈಯಿಂದ ಅದರ ತೊಡೆಯನ್ನು ಚಿವುಟಿದರು. ಮೆತ್ತಗಲ್ಲ, ಉಗುರು ಹತ್ತುವ ಹಾಗೆ. ಕೂಸು ಕಿಟಾರನೆ ಕಿರುಚಿತು. ಕೆಂಪಗೆ ಮೂಡಿದ ಗುರುತನ್ನು ನಾನು ಅಂಗೈಯಿಂದ ತಿಕ್ಕುತ್ತಿದ್ದೆ. ಅವರು ಮೈಕನ್ನು ದೂರ ಸರಿಸದೆ ಹಾಗೇ ಹಿಡಿದುಕೊಂಡಿದ್ದರು.

“ಎಳೀ ಕೂಸ್ರೀ ಅದು!” ಎಂದೆ.

“ಅಳಲಿಲ್ಲಂದ್ರ ತಾಯಿ ಹ್ಯಾಂಗ ಬರ್ತಾಳ್ರಿ?” ಎಂದರು.

ತಾಯಿ ಬಂದಳು. ಸೆರಗು ಎಲ್ಲೋ, ತಲೆ ಎಲ್ಲೋ. ಮಾಸ್ತರರ ಪಾದದ ಮೇಲೆ ಬಿದ್ದಳು. ಕೂಸು ಅವರನ್ನು ನೋಡಿ ಹೆದರಿ ತಾಯಿಯ ಹೆಗಲಿಗೆ ಮುಖ ಒತ್ತಿಕೊಂಡಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ನಾನು ಆ ಕೋಣೆಯಲ್ಲಿ ಇದ್ದದ್ದು ಶನಿವಾರದ ಮಹಿಳಾ ಕಾರ್ಯಕ್ರಮಕ್ಕಾಗಿ. ಅಡಿಗೆ, ಆರೋಗ್ಯ, ಮಕ್ಕಳ ಓದು, ಹಾಡು ಎಂದು ಅರ್ಧ ಗಂಟೆ ಮಾತಾಡುವುದು. ಅವರೇ ಶಾಲೆಗೆ ಬಂದು ಕೇಳಿದ್ದರು. ಊರ ಮುಂದೆ ಮಾತಾಡುವ ಆಸೆ ನನಗೂ ಇತ್ತು. ಎರಡನೆಯ ವಾರವೋ ಮೂರನೆಯ ವಾರವೋ, ತಾಯಂದಿರಿಗೆ ಲಸಿಕೆಯ ವಿಷಯ ಹೇಳುತ್ತ, “ನರ್ಸಬಾಯಿಯವ್ರು ಹಳ್ಳಿ ಕಡೆ ಹೊಂಟಾರ” ಎಂದೆ. ಮಾಸ್ತರರು ನನ್ನ ಕೈಯಿಂದ ಮೈಕು ತೆಗೆದುಕೊಂಡರು. “ಕೇಳುಗರ ಕ್ಷಮೆ ಇರಲಿ. ಹೊಂಟಾರ ಎಂಬುದು ಅಶುದ್ಧ ಪ್ರಯೋಗ. ಹೊರಟಿದ್ದಾರೆ ಎಂದಾಗಬೇಕು. ನಮ್ಮ ಟೀಚರ್ ಅವರು ಇನ್ನೊಮ್ಮೆ ಹೇಳುತ್ತಾರೆ.” ಮೈಕು ಮತ್ತೆ ನನ್ನ ಕೈಗೆ ಬಂತು. ನಾನು ಇನ್ನೊಮ್ಮೆ ಹೇಳಿದೆ. ಸೋಮವಾರ ಶಾಲೆಯ ಗೇಟಿನಲ್ಲಿ ಹುಡುಗರು ಬೆನ್ನ ಹಿಂದೆ “ಹೊಂಟಾರ ಟೀಚರ್ ಹೊಂಟಾರ” ಎಂದು ತಾಳ ಹಾಕಿದರು. ಆ ಹೆಸರು ನಾನು ಊರು ಬಿಡುವವರೆಗೂ ಉಳಿಯಿತು.

ಪರೀಕ್ಷೆಯ ಫಲಿತಾಂಶದ ದಿನ ಇಡೀ ಊರು ಕಂಬಗಳ ಕೆಳಗೆ ನಿಂತಿರುತ್ತಿತ್ತು. ಮಾಸ್ತರರು ಪಾಸಾದವರ ಹೆಸರು ಓದಿ ನಿಲ್ಲಿಸುತ್ತಿರಲಿಲ್ಲ. ನಪಾಸಾದವರದ್ದೂ ತಂದೆಯ ಹೆಸರು ಸಮೇತ ಓದುತ್ತಿದ್ದರು. ಒಂದು ವರ್ಷ ದರ್ಜಿ ಖಾಜಾಸಾಬ ಬೆಳಿಗ್ಗೆಯೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದ. ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಅಫಜಲಪುರದ ಕಡೆಯಿಂದ ಸಂಬಂಧ ಬಂದಿತ್ತು, ಹುಡುಗ ಪಾಸಾದವಳೇ ಬೇಕೆಂದಿದ್ದ.

“ಒಂದ ಹೆಸರ ಬಿಡ್ರಿ ಸರ್. ಮುಂದಿನ ಸಲ ಕಟ್ಟಿ ಪಾಸ್ ಆಗ್ತಾಳ. ಅವ್ರ ಮಂದಿ ಬಜಾರದಾಗೇ ಅದಾರ ಇವತ್ತ” ಎಂದು ಕೈಮುಗಿದ.

“ಖಾಜಾ, ನೀ ಅಂಗಿ ಹೊಲಿವಾಗ ಒಂದ ತೋಳ ಬಿಡ್ತೀ ಏನು?” ಎಂದು ಕೇಳಿ ಮಾಸ್ತರರು ಒಳಗೆ ಹೋದರು. ಆ ಹುಡುಗಿಯ ಹೆಸರನ್ನು ಉಳಿದವರ ಹೆಸರಿನಷ್ಟೇ ಸ್ಪಷ್ಟವಾಗಿ, ಅಕ್ಷರ ಅಕ್ಷರ ಬಿಡಿಸಿ ಓದಿದರು. ಖಾಜಾಸಾಬ ಅಲ್ಲಿಂದ ಎದ್ದು ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಬಜಾರದ ಹಾದಿ ಬಿಟ್ಟು ಹೊಲದ ಹಾದಿ ಹಿಡಿದು ಮನೆಗೆ ಹೋದ. ಸಂಬಂಧ ಮುರಿಯಿತು.

ಇವೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವರನ್ನು ಕೆಟ್ಟ ಮನುಷ್ಯ ಎಂದು ಅಂದುಕೊಂಡಿರಲಿಲ್ಲ. ಒರಟು, ಹಟಮಾರಿ, ತನ್ನ ಧ್ವನಿಯನ್ನು ತಾನೇ ಮೆಚ್ಚಿಕೊಂಡವರು ಎಂದಷ್ಟೇ. ನಂತರ ಚಂದಮ್ಮನದು ಆಯಿತು.

ಚಂದಮ್ಮ ಅಡತಿ ಬಜಾರದ ಶಂಕರಪ್ಪನ ಹೆಂಡತಿ. ಶಾಲೆಯ ಹಿಂದೆ, ನಾನಿದ್ದ ಓಣಿಯಲ್ಲೇ ಅವರ ಮನೆ. ಅಫಜಲಪುರ ತಾಲೂಕಿನ ಹಳ್ಳಿಯ ಹೆಣ್ಣು. ಚೆನ್ನಾಗಿ ಹಾಡುತ್ತಿದ್ದಳು. ಶನಿವಾರದ ಕಾರ್ಯಕ್ರಮಕ್ಕೆ ಒಮ್ಮೆ ಕರೆದುಕೊಂಡು ಹೋಗಿ ಬೀಸುವ ಕಲ್ಲಿನ ಪದ ಹಾಡಿಸಿದ್ದೆ. ಹಾಡಿ ಮನೆಗೆ ಹೋದ ಸಂಜೆ ಶಂಕರಪ್ಪ, ಬಜಾರಕ್ಕೆಲ್ಲ ಕೇಳಿಸುವ ಹಾಗೆ ಬಾಯಿ ತೆರೆದಳೆಂದು, ರೊಟ್ಟಿ ಸುಡುತ್ತಿದ್ದ ಹಂಚನ್ನು ಎತ್ತಿ ಅವಳ ಎಡ ಮುಂಗೈಗೆ ಒತ್ತಿದ. ಇದನ್ನು ಅವಳೇ ನನಗೆ ಹೇಳಿದಳು. ಅಳುತ್ತ ಹೇಳಲಿಲ್ಲ. ಶಾಲೆಯ ಹಿಂದಿನ ಗೋಡೆಗೆ ಒರಗಿ, ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿ, “ಹಾಡಿದ್ದು ಚಲೋ ಆಗಿತ್ತೇನ್ರಿ ಟೀಚರ್?” ಎಂದು ಕೇಳಿದಳು.

“ಭಾಳ ಚಲೋ ಆಗಿತ್ತವ್ವಾ” ಎಂದೆ.

“ತವರಿಗೆ ಹೋದ್ರ ಮರಳಿ ಕಳಸ್ತಾರ. ಎರಡ ಸಲ ಆತು” ಎಂದಳು. ಬಟ್ಟೆಯನ್ನು ಮತ್ತೆ ಕೈಗೆ ಸುತ್ತಿಕೊಳ್ಳುತ್ತ, “ಗಾಣಗಾಪುರದಾಗ ಹೆಣ್ಣಮಕ್ಕಳು ಒಬ್ಬರs ಇರ್ತಾರಂತಲ್ರಿ, ಸೇವಾ ಮಾಡ್ಕೋತ?” ಎಂದಳು.

ಇರುತ್ತಾರೆ. ಮೈಮೇಲೆ ಬರುವವರು, ಮನೆಯಿಂದ ಹೊರಬಿದ್ದವರು, ವಾಸಿಯಾಗದ ಬೇನೆಯವರು ಅಲ್ಲಿ ಸಂಗಮದಲ್ಲಿ ಮಿಂದು, ಗುಡಿಯ ಅಂಗಳದಲ್ಲಿ ಮಲಗಿ ತಿಂಗಳುಗಟ್ಟಲೆ ಇರುತ್ತಾರೆ. ಭಿಕ್ಷೆ ಬೇಡಿ ಉಣ್ಣುವುದು ಅಲ್ಲಿ ವ್ರತ, ನಾಚಿಕೆಯಲ್ಲ. ಯಾರೂ ಯಾರನ್ನೂ ಯಾವ ಊರು ಎಂದು ಕೇಳುವುದಿಲ್ಲ. ನಾನು ಇಷ್ಟನ್ನು ಹೇಳಿದೆ. ಮುಂದಿನ ವಾರ, ಶಂಕರಪ್ಪ ಅಂಗಡಿಯಲ್ಲಿದ್ದ ಹೊತ್ತು ನೋಡಿ, ಚಂದಮ್ಮ ಒಂದು ಕೈಚೀಲ ಹಿಡಿದು ಬಸ್ಸು ಹತ್ತಿದಳು.

ಎರಡು ದಿನ ಊರಿಗೆ ಗೊತ್ತಾಗಲಿಲ್ಲ. ಶಂಕರಪ್ಪ ತವರಿನ ಕಡೆ, ನೆಂಟರ ಕಡೆ ಹುಡುಕಿಸಿ, ಎಲ್ಲೂ ಸಿಗದೆ, ಕೊನೆಗೆ ವಾಚನಾಲಯದ ಮೆಟ್ಟಿಲು ಹತ್ತಿದ. ಶಾಲೆ ಬಿಟ್ಟು ಬರುತ್ತಿದ್ದ ನಾನು ಅವನು ಇಳಿದು ಹೋಗುವುದನ್ನು ಕಂಡೆ. ಏದುಸಿರು ಬಿಡುತ್ತ ಮೇಲೆ ಹೋದೆ. ಮಾಸ್ತರರು ಬಿಸಿನೀರಿನಲ್ಲಿ ಗಂಟಲು ತೊಳೆಯುತ್ತಿದ್ದರು.

“ಸರ್, ಅದನ್ನ ಓದಬ್ಯಾಡ್ರಿ.”

“ಯಾವದ್ನ?”

“ಚಂದಮ್ಮಂದು. ಆಕಿ ಕಳದಿಲ್ಲರಿ, ಓಡಿ ಹೋಗ್ಯಾಳ. ಕಾದ ಹಂಚ ಒತ್ಯಾನ್ರಿ ಅವಾ ಆಕಿ ಕೈಗಿ. ನಾ ನೋಡೀನಿ, ಎಡಗೈ, ಮುಂಗೈ ಮ್ಯಾಲ. ಇಷ್ಟಗಲ ತೊಗಲ ಸುಲದದ. ತಿರಗಿ ಬಂದ್ರ ಜೀವಂತ ಬಿಡಾಂಗಿಲ್ಲರಿ.”

ಮಾಸ್ತರರು ನೀರು ಉಗುಳಿ ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. ನನ್ನನ್ನೇ ನೋಡಿದರು. ಅವರ ಮುಖ ಮೆತ್ತಗಾದಂತೆ ಕಂಡಿತು. “ಎಡಗೈ ಅಂದ್ರಿ?” ಎಂದು ಕೇಳಿದರು. ಹೌದು ಎಂದೆ. “ಹೂಂ. ಕುಂದರ್ರಿ” ಎಂದರು. ಗಂಟಲು ಸರಿಮಾಡಿಕೊಂಡರು. ಮೈಕಿಗೆ ಊದಿದರು.

“ಗಮನವಿಟ್ಟು ಕೇಳಬೇಕು. ನಮ್ಮೂರ ಅಡತಿ ಬಜಾರದ ಶಂಕರಪ್ಪನವರ ಧರ್ಮಪತ್ನಿ ಚಂದಮ್ಮ ಎಂಬ ಹೆಣ್ಣುಮಗಳು ಮನೆಯಿಂದ ಕಾಣೆಯಾಗಿದ್ದಾರೆ. ದುಂಡು ಮುಖ, ಎಣ್ಣೆಗಪ್ಪು ಬಣ್ಣ. ಉಟ್ಟಿರುವುದು ಇಳಕಲ್ ಸೀರೆ. ವಿಶೇಷ ಗುರುತು, ಎಡ ಮುಂಗೈಯ ಮೇಲೆ ಕಾದ ಹಂಚು ತಗುಲಿದ ಸುಟ್ಟ ಕಲೆ. ಕಂಡವರು ದಯಮಾಡಿ ತಿಳಿಸಬೇಕು. ಒಂದು ಸಂಸಾರವನ್ನು ಉಳಿಸಿದ ಪುಣ್ಯ ನಿಮ್ಮದಾಗಲಿ.”

ನಾನು ಹೇಳಿದ್ದು ಓದಬೇಡಿ ಎನ್ನುವುದಕ್ಕೆ. ಅವರು ಕೇಳಿಸಿಕೊಂಡದ್ದು ಗುರುತು. ‘ಒತ್ತಿದ’ ಎಂದು ನಾನು ಹೇಳಿದ್ದನ್ನು ಅವರು ‘ತಗುಲಿದ’ ಎಂದು ತಿದ್ದಿದ್ದರು. ಮೈಕು ಬಂದ್ ಮಾಡಿದ ಮೇಲೆ ಅವರು ನನ್ನ ಕಡೆ ತಿರುಗಿ, “ಗುರ್ತ ಇಲ್ಲದ ಖಬರ್ ಅಂದ್ರ ಕಣ್ಣ ಮೂಗ ಇಲ್ಲದ ಮಾರಿ ಇದ್ದಂಗ ಇರ್ತದರಿ. ಶಂಕ್ರಪ್ಪಗ ಒಂದ ಗುರ್ತ ಸುದ್ದಾ ಹೇಳಾಕ ಬರಲಿಲ್ಲ ನೋಡ್ರಿ” ಎಂದರು. ಹೊಗಳುವವರ ಹಾಗೆ ಹೇಳಿದರು.

ಸಂಜೆ ಓದಿದರು. ಮರುದಿನ ಬೆಳಿಗ್ಗೆ ಓದಿದರು. ಗಾಣಗಾಪುರದ ಬಸ್ಸು ನಿಂತಾಗಲೆಲ್ಲ ಬಸ್‌ಸ್ಟ್ಯಾಂಡಿನ ಭೋಂಗಾದಲ್ಲಿ ಬೇರೆಯಾಗಿ ಓದಿದರು.

ಗಾಣಗಾಪುರದ ಗುಡಿಯ ಮುಂದೆ ಬಳೆ ಮಾರುವವನೊಬ್ಬ ಮಾಲು ತರಲು ನಮ್ಮೂರಿನ ಮೇಲೆ ಓಡಾಡುತ್ತಿದ್ದ. ಬಸ್ಸು ಕಾಯುತ್ತ ಅದನ್ನು ಕೇಳಿದ್ದ. ಎರಡು ಮೂರು ದಿನಗಳಲ್ಲಿ, ಭಿಕ್ಷೆಯ ಜೋಳಿಗೆ ಹಿಡಿದಿದ್ದ ಹೆಣ್ಣುಮಗಳೊಬ್ಬಳು ಅವನ ಅಂಗಡಿಯ ಮುಂದೆ ನಿಂತು, ಬರಿಗೈ ಕಂಡರೆ ಜನ ಏನೇನೋ ಕೇಳುತ್ತಾರೆಂದೋ ಏನೋ, ಒಂದು ಜೊತೆ ಹಸಿರು ಗಾಜಿನ ಬಳೆ ಕೇಳಿದಳಂತೆ. ಬಳೆ ಏರಿಸಲು ಅವನು ಕೈ ಹಿಡಿದ. ಕಲೆ ಕಂಡಿತು. “ಜರಾ ತಡೀ ಅವ್ವಾ, ನಿನ್ನ ಅಳತೀವು ಒಳಗದಾವ” ಎಂದು ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಪೋಸ್ಟಾಫೀಸಿನ ಫೋನಿನಿಂದ ಸುದ್ದಿ ಕಳಿಸಿದ. ಅವಳು ಬಳೆಗಾಗಿ ಕಾಯುತ್ತ ಅಲ್ಲೇ ಕುಳಿತಿದ್ದಳು. ಶಂಕರಪ್ಪ ಅಣ್ಣತಮ್ಮಂದಿರ ಜೊತೆ ಜೀಪಿನಲ್ಲಿ ಹೋಗಿ ಕರೆತಂದ.

ಆ ಸಂಜೆ ಎಲ್ಲ ಕಂಬಗಳಿಂದ ಶಹನಾಯಿ ಕೇಳಿಸಿತು. ಮಾಸ್ತರರು ಮಕ್ಕಳು ಸಿಕ್ಕಾಗ ಮಾತ್ರ ಆ ಗ್ರಾಮಫೋನ್ ತಟ್ಟೆ ಹಾಕುತ್ತಿದ್ದರು. “ಚಂದಮ್ಮ ಸುಕ್ಷೇಮವಾಗಿ ಮನೆಗೆ ಮರಳಿದ್ದಾರೆ. ಸಹಕರಿಸಿದ ಎಲ್ಲರಿಗೂ ವಂದನೆಗಳು” ಎಂದರು. ನಮ್ಮ ಓಣಿಯಲ್ಲಿ ಅದೇ ಹೊತ್ತಿಗೆ ಶಂಕರಪ್ಪನ ಮನೆಯ ಬಾಗಿಲು ಮುಚ್ಚಿತ್ತು. ಭೋಂಗಾ ಎದುರುಗಡೆಯ ಕಂಬದಲ್ಲೇ ಇತ್ತು. ಶಹನಾಯಿಯ ಸದ್ದಿನಲ್ಲಿ ಒಳಗಿನಿಂದ ಏನು ಕೇಳಿಸಿತು, ಏನು ಕೇಳಿಸಲಿಲ್ಲ ಎಂದು ಅಕ್ಕಪಕ್ಕದವರು ಯಾರೂ ಹೇಳಲಿಲ್ಲ. ನಾನು ಬಾಗಿಲು ಬಡಿದೆ. ಅತ್ತೆ ಹೊರಗೆ ಬಂದು, “ಮೈಯಾಗ ನೆಟ್ಟಗಿಲ್ಲರಿ, ಮಲಗ್ಯಾಳ. ನಾಳಿ ಬರ್ರಿ” ಎಂದಳು. ಮರುದಿನವೂ ಅದನ್ನೇ ಹೇಳಿದಳು.

ಚಂದಮ್ಮನನ್ನು ನಾನು ಮತ್ತೆ ಕಂಡದ್ದು ತಿಂಗಳ ಮೇಲೆ, ಹಿಟ್ಟಿನ ಗಿರಣಿಯಲ್ಲಿ. ಬಲಗಾಲು ಎಳೆದು ನಡೆಯುತ್ತಿದ್ದಳು. ಏನಾಯಿತು ಎಂದೆ. “ಹೊಸ್ತಿಲಾಗ ಎಡವೀನ್ರಿ” ಎಂದಳು. ನನ್ನ ಹಿಂದೆ ನಿಂತಿದ್ದ ಅತ್ತೆಯ ಕಡೆಗೆ ಒಮ್ಮೆ ನೋಡಿ, ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೋದಳು. ಆ ಕಾಲು ಸರಿಹೋಗಲೇ ಇಲ್ಲ. ಹಾಡನ್ನಂತೂ ಅವಳಿಂದ ಯಾರೂ ಮತ್ತೆ ಕೇಳಲಿಲ್ಲ.

ಗಿರಣಿಯಿಂದ ನಾನು ನೇರವಾಗಿ ಮಾಳಿಗೆಗೆ ಹೋದೆ. ಮಾಸ್ತರರು ಲವಂಗದ ಡಬ್ಬಿ ಮುಂದೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

“ಆಕಿ ಕಾಲ ಮುರದದ, ನೋಡೀರೇನ್ರಿ?”

“ಕೇಳೀನಿ. ಎಡವ್ಯಾಳಂತ.”

“ಎಡವಿದ್ದಲ್ಲಂತ ನಿಮಗ ಗೊತ್ತದ.”

“ಟೀಚರ್, ನಾ ಓದಾವ. ಎಮ್ಮಿ ಕಳದದ ಅಂತ ಬಂದಾಗ, ಎಮ್ಮಿಗಿ ಆ ಮನಿಗಿ ಹೋಗೂ ಮನಸ್ಸದನೋ ಇಲ್ಲೋ ಅಂತ ಕೇಳ್ತೇನೇನ್ರಿ?”

“ಆಕಿ ಎಮ್ಮಿ ಅಲ್ಲರಿ.”

“ಹೌದ್ರಿ, ಅದಕ್ಕs ಧರ್ಮಪತ್ನಿ ಅಂದೀನಿ” ಎಂದರು. ತಮಾಷೆ ಮಾಡುತ್ತಿರಲಿಲ್ಲ. ಶಬ್ದ ಸರಿಯಾಗಿದ್ದರೆ ಉಳಿದದ್ದೆಲ್ಲ ಸರಿಯಾಗಿದೆ ಎಂದು ಅವರು ನಿಜವಾಗಿಯೂ ನಂಬಿದ್ದರು. ಆಮೇಲೆ ಧ್ವನಿ ತಗ್ಗಿಸಿ, “ಇಷ್ಟ ವರ್ಷ ಆತು, ಈ ಕ್ವಾಣ್ಯಾಗಿಂದ ನಾ ಹುಡಕಿದವ್ರು ಒಬ್ಬರೂ ಸಿಗದ ಹೋಗಿಲ್ಲರಿ. ಆಕೀನ ಬಿಟ್ಟಿದ್ರ ಮಂದಿ ಏನಂತಿದ್ರು?” ಎಂದರು.

ಅಂದಿನಿಂದ ನಾನು ಶನಿವಾರ ಹೋಗುವುದನ್ನು ಬಿಟ್ಟೆ. ಅವರು ಭೋಂಗಾದಲ್ಲಿ, “ನಿರೂಪಕಿಯವರ ಅನಾರೋಗ್ಯದ ನಿಮಿತ್ತ ಮಹಿಳಾ ಕಾರ್ಯಕ್ರಮ ಇರುವುದಿಲ್ಲ” ಎಂದು ಹೇಳಿದರು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ನನಗೆ ಗಂಜಿ, ಕಷಾಯ ಹಿಡಿದುಕೊಂಡು ಬಂದರು. ಆರಾಮವಾಗಿ ಇದ್ದೇನೆಂದರೆ ಒಬ್ಬರೂ ನಂಬಲಿಲ್ಲ. “ಭೋಂಗಾದಾಗ ಹೇಳ್ಯಾರಲ್ರಿ” ಎಂದರು.

ವರ್ಷಗಳು ಕಳೆದವು. ನನ್ನ ಮದುವೆಯಾಯಿತು, ಮಕ್ಕಳಾದವು. ಮನೆಗಳ ಮೇಲೆ ಟಿವಿಯ ಕಡ್ಡಿಗಳು ಎದ್ದವು. ಭೋಂಗಾಗಳಿಗೆ ತುಕ್ಕು ಹಿಡಿಯಿತು, ಒಂದರೊಳಗೆ ಗುಬ್ಬಿ ಗೂಡು ಕಟ್ಟಿತು. ಮಾಸ್ತರರು ಮುದುಕರಾದರು. ಓದುತ್ತಲೇ ಇದ್ದರು; ಕೆಳಗೆ ನಿಂತು ಕೇಳುವವರು ಇರಲಿಲ್ಲ. ತೊಂಬತ್ತರ ದಶಕದ ಮೊದಲಿಗೆ ವಾಚನಾಲಯದ ಮಂಡಳಿಯವರು ಇದನ್ನು ನಿಲ್ಲಿಸೋಣ, ನಿಲ್ಲಿಸುವ ಮೊದಲು ಮಾಸ್ತರರಿಗೆ ಒಂದು ಸತ್ಕಾರ ಮಾಡೋಣ ಎಂದು ಗೊತ್ತುಮಾಡಿದರು. ಯಾರಿಗೋ ಒಂದು ಯೋಚನೆ ಹೊಳೆಯಿತು: ಮಾಸ್ತರರು ಹುಡುಕಿಕೊಟ್ಟವರನ್ನೆಲ್ಲ ಕರೆಸಿ ಅವರ ಕೈಯಿಂದಲೇ ಹಾರ ಹಾಕಿಸಬೇಕು.

ವಾಚನಾಲಯದ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಹಿರಿಯ ಟೀಚರ್ ಎಂದು ನನ್ನನ್ನೂ ವೇದಿಕೆಯ ಮೇಲೆ ಕೂರಿಸಿದ್ದರು. ಬರುವುದಿಲ್ಲ ಎಂದರೆ ಕೇಳಿರಲಿಲ್ಲ. ಎಲ್ಲ ಕಂಬಗಳ ತಂತಿ ಸರಿಪಡಿಸಿ, ಸಭೆ ಊರಿಗೆಲ್ಲ ಕೇಳುವ ಹಾಗೆ ಮಾಡಿದ್ದರು. ಕಳೆದು ಸಿಕ್ಕಿದ ಮಕ್ಕಳು ಒಬ್ಬೊಬ್ಬರೇ ಮೇಲೆ ಬಂದರು. ಮೀಸೆ ಹೊತ್ತ ಬಸ್ ಡ್ರೈವರ್, ಇಬ್ಬರು ಮಕ್ಕಳ ತಾಯಿ, ಪೈಲ್ವಾನನಂಥ ಒಬ್ಬ ಕಿರಾಣಿ ಅಂಗಡಿಯವನು. ಹಾರ ಹಾಕಿ, ಕಾಲಿಗೆ ಬಿದ್ದು, ಮೈಕಿನಲ್ಲಿ ಎರಡು ಮಾತು ಹೇಳಿ ಇಳಿದರು. ಕಿರಾಣಿಯವನು ನಿಜವಾಗಿಯೂ ಅತ್ತ. ಜನರೂ ಕಣ್ಣೊರೆಸಿಕೊಂಡರು. ಮಾಸ್ತರರು ಹಾರಗಳಲ್ಲಿ ಗದ್ದದವರೆಗೆ ಮುಳುಗಿದ್ದರು.

ಆಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಶಂಕರಪ್ಪ ಎದ್ದು ನಿಂತ. “ನಮ್ಮಾಕಿನೂ ಮಾಸ್ತರs ಹುಡಕಿ ಕೊಟ್ಟಾರ್ರೀ!” ಎಂದ. ಹೆಂಗಸರ ಗುಂಪಿನ ಕಡೆ ಕೈ ಮಾಡಿ, “ಏಳs, ಹೋಗು ಮ್ಯಾಲ” ಎಂದ. ಜನ ಚಪ್ಪಾಳೆ ತಟ್ಟಿದರು.

ಚಂದಮ್ಮ ಎದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಕಾಲು ಎಳೆಯುತ್ತ ವೇದಿಕೆಯ ಮೆಟ್ಟಿಲವರೆಗೆ ಬಂದಳು. ಹತ್ತಲಾಗದೆ ನಿಂತಾಗ ಡ್ರೈವರ್ ಹುಡುಗ ಕೈ ಕೊಟ್ಟು ಮೇಲೆ ಹತ್ತಿಸಿದ. ಯಾರೋ ಅವಳ ಕೈಗೆ ಹಾರ ಕೊಟ್ಟರು. ಹಾಕಿದಳು. ಬಾಗಲು ಆಗುತ್ತಿರಲಿಲ್ಲ, ಆದರೂ ಒಂದು ಕೈ ನೆಲಕ್ಕೆ ಊರಿ ಬಾಗಿ ಅವರ ಪಾದ ಮುಟ್ಟಿದಳು. ಮಾಸ್ತರರು ತಲೆಯ ಮೇಲೆ ಕೈಯಿಟ್ಟರು. ಮಂಡಳಿಯವರು ಮೈಕನ್ನು ಅವಳ ಮುಂದೆ ತಂದು ನಿಲ್ಲಿಸಿದರು.

ಅವಳು ಮಾತಾಡಲಿಲ್ಲ. ಸುಮ್ಮನೆ ನಿಂತಳು. ಹಿಂದಿನ ಸಾಲಿನಲ್ಲಿ ಒಬ್ಬ ಕೆಮ್ಮಿದ. ಅವಳು ಮೈಕನ್ನೇ ನೋಡುತ್ತ ಇನ್ನೂ ಸುಮ್ಮನೆ ನಿಂತಿದ್ದಳು. ಶಂಕರಪ್ಪನ ಮುಖ ಬಿಗಿಯಿತು.

ವೇದಿಕೆಯ ಮೇಲೆ ಚಂದಮ್ಮನಿಗೂ ಮಾಸ್ತರರಿಗೂ ನಾನೇ ಎಲ್ಲರಿಗಿಂತ ಹತ್ತಿರವಿದ್ದೆ. ಮಾಸ್ತರರು ಕುರ್ಚಿಯಿಂದ ಎದ್ದು ಬಂದರು. ಮೈಕಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಅವಳ ಕಿವಿಯ ಹತ್ತಿರ, “ಮಂದಿ ಕುಂತದವ್ವಾ. ಏನರ ಒಂದ ಅಂದು ಮುಗಸು” ಎಂದರು.

ಚಂದಮ್ಮ ತಲೆಯೆತ್ತಿ ಅವರ ಮುಖವನ್ನು ನೋಡಿದಳು.

“ನೀವs ಹೇಳ್ರಿ” ಎಂದಳು. “ಆವಾಗೂ ನೀವs ಹೇಳೀರಿ.”

ಮಾಸ್ತರರು ಅವಳ ಎಡ ಮುಂಗೈಯ ಕಡೆ ಒಮ್ಮೆ ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾದದ್ದನ್ನು ನಾನು ಕಣ್ಣಾರೆ ಕಂಡೆ. ಅವರು ಮುಖ ಆಚೆ ತಿರುಗಿಸಿ ಗಂಟಲು ಸರಿಮಾಡಿಕೊಂಡರು. ಮೈಕಿನ ಮೇಲಿಂದ ಕೈ ತೆಗೆದು, ವಯಸ್ಸಾದರೂ ಒಂದಿಷ್ಟೂ ಮಾಸದಿದ್ದ ಆ ತುಂಬಿದ ಧ್ವನಿಯಲ್ಲಿ, ಬಸ್‌ಸ್ಟ್ಯಾಂಡಿನಿಂದ ಅಡತಿ ಬಜಾರದವರೆಗೆ ಇಡೀ ಊರಿಗೆ ಹೇಳಿದರು:

“ತಂಗಿಗೆ ಸಂತೋಷದಿಂದ ಮಾತೇ ಹೊರಡುತ್ತಿಲ್ಲ.”

ಪೆಂಡಾಲು ಅದುರುವ ಹಾಗೆ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ಶಂಕರಪ್ಪ ತಟ್ಟುತ್ತಿದ್ದ.